ನಾಲ್ಕೇ ಸಾಲಿನ ವಿಮರ್ಶೆ

1/6
ಬಣಕಲ್‌ನಲ್ಲಿ ಮಳೆ ಹಿಡಿದರೆ ಗೊತ್ತಲ್ಲ. ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ನೆಟ್‌ವರ್ಕ್ ಹೋಗುತ್ತೆ. ಉಳಿಯೋದು ಪುಸ್ತಕ ಒಂದೇ. ಈ ಮಳೆಗಾಲದಲ್ಲಿ ಓದಿದ ಪ್ರೇಮ ಕಾದಂಬರಿ, ಪತ್ತೇದಾರಿ ಕಾದಂಬರಿಗಳ ಬಗ್ಗೆ ಇಲ್ಲಿ ನಾಲ್ಕು ನಾಲ್ಕು ಸಾಲಿನ ಚುಟುಕ ಹಾಕ್ತಾ ಇದ್ದೆ. ನಿಮ್ಮಲ್ಲೇ ಕೆಲವರು ಕೇಳಿದ್ರಿ: "ಇದೂ ಒಂದು ವಿಮರ್ಶೆನಾ? ಪ್ರಾಸ ಹಾಕಿಬಿಟ್ರೆ ಆಯ್ತಾ?"

ನ್ಯಾಯವಾದ ಪ್ರಶ್ನೆ ಕಣ್ರೋ. ಉತ್ತರ ಹುಡುಕ್ತಾ ಹೋದೆ, ಸಾವಿರ ವರ್ಷ ಹಿಂದಕ್ಕೆ ಹೋಗಬೇಕಾಯ್ತು. ನೀವೂ ಬನ್ನಿ.

2/6
ಮೊದಲು 'ಕಾದಂಬರಿ' ಅನ್ನೋ ಪದವನ್ನೇ ನೋಡಿ. ಅದು ಒಬ್ಬ ಹುಡುಗಿಯ ಹೆಸರು! ಏಳನೇ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟ ಸಂಸ್ಕೃತ ಗದ್ಯದಲ್ಲಿ ಒಂದು ಪ್ರೇಮಕಥೆ ಬರೆದ. ನಾಯಕಿಯ ಹೆಸರು ಕಾದಂಬರಿ. ಅವನು ಅದನ್ನು ಮುಗಿಸಲಿಲ್ಲ, ಮಗ ಮುಗಿಸಿದ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ತಂದದ್ದು ಹೇಗೆ ಗೊತ್ತಾ? ಗದ್ಯ, ಪದ್ಯ ಎರಡೂ ಸೇರಿದ ಚಂಪೂವಿನಲ್ಲಿ. ಮುಂದೆ 19ನೇ ಶತಮಾನದಲ್ಲಿ ಇಂಗ್ಲಿಷಿನ ನಾವೆಲ್ ಈ ಕಡೆ ಬಂದಾಗ ಮರಾಠಿಯವರೂ ನಾವೂ ಅದಕ್ಕೆ ಆ ಹುಡುಗಿಯ ಹೆಸರನ್ನೇ ಇಟ್ಟೆವು.

ಅದು ಬರೀ ಪ್ರೇಮಕಥೆಯೂ ಅಲ್ಲ. ರಾಜನ ಮುಂದೆ ಒಂದು ಗಿಳಿ ಕಥೆ ಹೇಳ್ತಾ ಹೋಗುತ್ತೆ, ಆ ಗಿಳಿ ಯಾರು ಅನ್ನೋದೇ ದೊಡ್ಡ ಗುಟ್ಟು. ನನ್ನ ಚುಟುಕ:

ಗಿಳಿ ಹೇಳುವ ಕಥೆಯೊಳಗೆ ಇನ್ನೊಂದು ಕತೆ,
ಸತ್ತವರೂ ಎದ್ದು ಬರುವ ಪ್ರೀತಿಯ ವ್ಯಥೆ.
ಯಾರು ಈ ಗಿಳಿಯೆಂದು ಕೊನೆತನಕ ಕಾದೆ,
ಗೊತ್ತಾದ ಮೇಲೂ ನಾ ಹೇಳದೇ ಹೋದೆ.

3/6
ಈಗ ವಿಮರ್ಶೆಯ ವಿಷಯ. ಹಳಗನ್ನಡ ಪಾಠದಲ್ಲಿ 'ಪೂರ್ವಕವಿ ಸ್ಮರಣೆ' ಅಂತ ಬಂದಾಗ ನಾವೆಲ್ಲ ಆಕಳಿಸಿದವರೇ. ಆದರೆ ಅದು ಏನು? ಕಾವ್ಯ ಶುರು ಮಾಡುವ ಮೊದಲು ಕವಿ ತಾನು ಓದಿದ ಹಿಂದಿನ ಕವಿಗಳ ಬಗ್ಗೆ ಸಣ್ಣ ಸಣ್ಣ ಪದ್ಯ ಬರೀತಿದ್ದ. ಎಷ್ಟೋ ಸಲ ಕಂದಪದ್ಯದಲ್ಲಿ: ನಾಲ್ಕು ಸಾಲು, ಮಾತ್ರೆ 12, 20, 12, 20. ಮುಗೀತು. ಇಷ್ಟವಾಗದವರಿಗೆ 'ಕುಕವಿ ನಿಂದೆ' ಅಂತ ಬೇರೆ ವ್ಯವಸ್ಥೆಯೂ ಇತ್ತು!

ಹತ್ತನೇ ಶತಮಾನದ ಪೊನ್ನ, ಕನ್ನಡ ಕವಿತೆಯಲ್ಲಿ ತಾನು ಅಸಗನಿಗಿಂತ ನೂರು ಪಟ್ಟು ಮೇಲು ಅಂತ ಹೇಳಿಕೊಂಡ. ಈಗಿನ ಲೆಕ್ಕದಲ್ಲಿ ಅಸಗನಿಗೆ ಒಂದೇ ಸ್ಟಾರ್. ಆದರೆ ಗಮನಿಸಿ: ಅಸಗನ ಸಂಸ್ಕೃತ ಕಾವ್ಯ 'ವರ್ಧಮಾನ ಚರಿತೆ' ನಮಗೆ ಉಳಿದಿದೆ, ಅವನ ಕನ್ನಡ ಕಾವ್ಯ ಉಳಿದಿಲ್ಲ. ಅವನು ಕನ್ನಡದಲ್ಲೂ ದೊಡ್ಡ ಕವಿಯಾಗಿದ್ದ ಅಂತ ನಮಗೆ ಗೊತ್ತಿರೋದು ಪೊನ್ನನಂಥವರು ಅವನ ಹೆಸರು ಎತ್ತಿದ್ದರಿಂದ. 1031ರ ಸುಮಾರಿಗೆ ಪಂಚತಂತ್ರ ಬರೆದ ದುರ್ಗಸಿಂಹ ಕನ್ನಮಯ್ಯ, ಮನಸಿಜ ಅನ್ನುವವರನ್ನು ನೆನೆಯುತ್ತಾನೆ. ಅವರ ಪುಸ್ತಕಗಳೂ ನಮ್ಮ ಕೈಗೆ ಬರಲಿಲ್ಲ, ಬಂದದ್ದು ಹೆಸರು ಮಾತ್ರ.

ಪುಸ್ತಕ ಹೋಯ್ತು. ಪುಸ್ತಕದ ಬಗ್ಗೆ ಬರೆದ ಸಾಲು ಉಳೀತು.

4/6
"ಅದು ತಾಳೆಗರಿ ಕಾಲ, ಈಗ ಅಚ್ಚಾದದ್ದು ಎಲ್ಲಿ ಹೋಗುತ್ತೆ?" ಅಂತೀರಾ? ನಮ್ಮಜ್ಜಿಯನ್ನು ಕೇಳಿದೆ, ನಿಮ್ಮ ಕಾಲದಲ್ಲಿ ಏನು ಓದ್ತಿದ್ರಿ ಅಂತ. "ಲೈಬ್ರರಿಯಿಂದ ಬಾಡಿಗೆಗೆ ತರ್ತಿದ್ವು ಮಗಾ. ಒಂದು ಕೊಲೆ ಕತೆ ಇತ್ತು, ಕೊನೇ ಹಾಳೆ ಯಾರೋ ಹರಿದಿದ್ರು. ಕೊಂದೋರು ಯಾರು ಅಂತ ಇವತ್ತಿಗೂ ಗೊತ್ತಿಲ್ಲ" ಅಂದ್ರು. ಹೆಸರು? ನೆನಪಿಲ್ಲ. ಬರೆದವರು? ನೆನಪಿಲ್ಲ.

ಆ ಕಾಲದಲ್ಲಿ ಎನ್. ನರಸಿಂಹಯ್ಯ ಒಬ್ಬರೇ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮ ಮನೆಮಾತಾಗಿದ್ದ. ನಾವು ನವೆಂಬರ್ ಒಂದಕ್ಕೆ ಹಾರಿಸುವ ಹಳದಿ ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಪ್ರೇಮ, ಸಂಸಾರದ ಕಡೆ ತ್ರಿವೇಣಿ, ಅನುಪಮಾ ನಿರಂಜನ, ಸಾಯಿಸುತೆ. ಕನ್ನಡ ಓದುವ ಚಟವನ್ನು ಮನೆಮನೆಗೆ ಹಚ್ಚಿದವರು ಇವರು. ಆದರೆ ಪತ್ತೇದಾರಿ ಅಂದರೆ ಟೈಂಪಾಸ್, ಹೆಂಗಸರು ಬರೆದದ್ದು ಅಂದರೆ ಅಡುಗೆಮನೆ ಸಾಹಿತ್ಯ ಅಂತ ಮೂಗು ಮುರಿದವರೇ ಹೆಚ್ಚು. ಅಗ್ಗದ ಕಾಗದ, ನೂರಾರು ಕೈ, ಮಲೆನಾಡಿನ ಗೆದ್ದಲು. ಪುಸ್ತಕ ಮುಗೀತು. ಅಜ್ಜಿಯಂಥ ಓದುಗರು ಏನಂದುಕೊಂಡ್ರು ಅಂತ ಯಾರೂ ಬರೆದಿಡಲಿಲ್ಲ.

ಬರೆಯೋಕೆ ಅಳತೆ ಇರಲಿಲ್ಲ ಅಂತಲ್ಲ. ಅಂಕೋಲಾದ ಕಡೆಯ ದಿನಕರ ದೇಸಾಯಿ (1909–1982) ನಾಲ್ಕು ಸಾಲಿನ ಚುಟುಕವನ್ನು ಎಲ್ಲರ ಬಾಯಿಗೆ ತಂದಿದ್ದರು. ರಾಜಕೀಯ, ಹಸಿವು, ನಗು ಎಲ್ಲಾ ಅದರಲ್ಲಿ ಹಿಡೀತಿತ್ತು. ಓದಿದ ಕಾದಂಬರಿ ಹಿಡಿಯಲ್ವಾ?

5/6
ನಮ್ಮ ಘಟ್ಟದ ಮೂರು ಕಾದಂಬರಿಗೆ ನಾನು ಹಾಕಿದ್ದು ಇವು.

ತ್ರಿವೇಣಿಯವರ 'ಬೆಳ್ಳಿಮೋಡ'. ಎಸ್ಟೇಟ್ ಮನೆಯ ಒಬ್ಬಳೇ ಮಗಳು ಇಂದಿರಾಳ ಕಥೆ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು.

ಹುಡುಗಿಯನೋ ತೋಟವನೋ ಅವನು ಮೆಚ್ಚಿದ್ದು?
ತಮ್ಮ ಹುಟ್ಟಿದ ದಿನವೇ ಗುಟ್ಟು ಬಿಚ್ಚಿದ್ದು.
ಮೋಡ ಬೆಳ್ಳಗಿತ್ತು, ಆದರೆ ಮಳೆ ಬರಲಿಲ್ಲ;
ಅವಳ ತಲೆ ಮಾತ್ರ ಎಲ್ಲೂ ಬಾಗಲಿಲ್ಲ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'. ಒಂದೇ ಪುಸ್ತಕದಲ್ಲಿ ಪ್ರೇಮವೂ ಉಂಟು, ಪತ್ತೇದಾರಿಯೂ ಉಂಟು. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಇದಕ್ಕೆ.

ಏಲಕ್ಕಿ ಏಕೆ ಒಣಗಿತು? ಕೊಂದವರು ಯಾರು?
ಕೇಳಬಂದವನ ಸುತ್ತ ಗಾಳಿಮಾತು ನೂರು.
ಪ್ರೀತಿಸಿದ ಇಬ್ಬರಿಗೆ ಊರೆಲ್ಲ ಪೊಲೀಸು;
ಕಾಡಿಗೇ ಬೆಂಕಿ ಬಿದ್ದಾಗ ಎಲ್ಲಿ ಹೋಯ್ತು ಕೇಸು?

ತೇಜಸ್ವಿಯವರದ್ದೇ 'ಜುಗಾರಿ ಕ್ರಾಸ್'. ಇದರಲ್ಲಿ ಗುಟ್ಟು ಅಡಗಿರೋದೇ ಒಂದು ಹಳೆಯ ಕಾವ್ಯದೊಳಗೆ!

ಗಂಡಹೆಂಡತಿ ಹೊರಟದ್ದು ಏಲಕ್ಕಿ ಮಾರಲು,
ಒಂದೇ ದಿನ ಸಾಕಾಯ್ತು ಕಾಲ್ಕೆಳಗಿನದು ಜಾರಲು.
ಹಳೆ ಪದ್ಯದ ಒಳಗಿತ್ತು ಕಾಡಿನ ಗುಟ್ಟು;
ಓದಿ ಮುಗಿಸಿದೆ ನಾನು ಊಟವನೇ ಬಿಟ್ಟು.

6/6
ನಾಲ್ಕು ಸಾಲಲ್ಲಿ ಇಡೀ ಪುಸ್ತಕ ತೂಗೋಕೆ ಆಗಲ್ಲ, ಒಪ್ಪಿದೆ. ಚಿದಂಬರ ರಹಸ್ಯದ ಜಾತಿ, ರಾಜಕೀಯ, ಏಲಕ್ಕಿ ಸೀಮೆಯ ಕುಸಿತ ಇದೆಲ್ಲ ಹೇಳೋಕೆ ಉದ್ದದ ಲೇಖನವೇ ಬೇಕು. ಆದರೆ ಉದ್ದದ ಲೇಖನ ಬರೆಯೋರು ಬರೋವರೆಗೆ ಕಾದರೆ ಅಜ್ಜಿಯ ಪುಸ್ತಕಕ್ಕೆ ಆದದ್ದೇ ನಮ್ಮದಕ್ಕೂ ಆಗುತ್ತೆ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಮನೇಲಿ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ, ಯಾವ ಕಾದಂಬರಿ ಓದಿ ಅತ್ತಿದ್ರಿ, ಯಾವುದಕ್ಕೆ ಹೆದರಿದ್ರಿ ಅಂತ. ಅವರು ಹೇಳಿದ್ದನ್ನು ನಾಲ್ಕು ಸಾಲು ಮಾಡಿ. ಕೆಳಗೆ ಪುಸ್ತಕದ ಹೆಸರು, ಬರೆದವರ ಹೆಸರು ತಪ್ಪದೇ ಹಾಕಿ, ಪ್ರಾಸ ತಪ್ಪಿದರೂ ಅದು ತಪ್ಪಬಾರದು. ಕೊಂದೋರು ಯಾರು ಅಂತ ಮಾತ್ರ ಹೇಳಬೇಡಿ ಮಾರಾಯ್ರೆ!

ಪುಸ್ತಕ ಇಷ್ಟವಾಗಲಿಲ್ವಾ? ಆಗಲೂ ಬರೀರಿ. ಪೊನ್ನ ಹೊಗಳೋಕೆ ಹೋಗಿದ್ದು ತನ್ನನ್ನು, ಉಳಿಸಿದ್ದು ಅಸಗನನ್ನೂ.

#ನಾಲ್ಕುಸಾಲು #ಬಣಕಲ್ #ಕಾದಂಬರಿ