ಎಚ್ಚರಗೊಳ್ಳುವ ಗಳಿಗೆ

ಕಾನಹೊಸಹಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದರೆ ಚಿತ್ರದುರ್ಗ, ತುಮಕೂರು ದಾಟಿ ಬೆಳಗಿನ ಜಾವಕ್ಕೆ ಪೀಣ್ಯ ಬರುತ್ತದೆ. ಕೆಲಸ ಹುಡುಕಿಕೊಂಡು ಹೊರಟ ನಮ್ಮ ಕಡೆಯ ಎಷ್ಟೋ ಜನ ಕಣ್ಣುಜ್ಜಿಕೊಂಡು ಇಳಿಯುವುದು ಅಲ್ಲಿಯೇ. ನಾನೂ ಹಾಗೆ ಇಳಿದವನು. ಆಗ ಪೀಣ್ಯ ಎಂದರೆ ನನಗೆ ಲೇತ್ ಮಷೀನುಗಳ ಸದ್ದು, ಅಷ್ಟೇ. ಭಾರತದ ಮೊದಲ ಉಪಗ್ರಹ ಅಲ್ಲಿನ ಶೆಡ್ಡುಗಳಲ್ಲೇ ರೂಪುಗೊಂಡಿತ್ತು ಎಂದು ತಿಳಿದದ್ದು ಬಹಳ ತಡವಾಗಿ.

ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಸಿದ್ಧವಾದ 'ಆರ್ಯಭಟ' 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಮೇಲೇರಿತು. ತೂಕ 360 ಕೆ.ಜಿ. ನಕ್ಷತ್ರಗಳಿಂದ ಬರುವ ಎಕ್ಸ್-ಕಿರಣಗಳನ್ನು ಗಮನಿಸುವ ಉಪಕರಣವೂ ಅದರಲ್ಲಿತ್ತು. ನಾಲ್ಕು ದಿನಗಳ ಬಳಿಕ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿಕೊಂಡು ಪ್ರಯೋಗಗಳು ನಿಂತುಹೋದವು. ಕೈಗೆಟುಕುವಂತಿದ್ದರೆ ಬಿಚ್ಚಿ ನೋಡಬಹುದಿತ್ತು. ಅದು ನೂರಾರು ಕಿಲೋಮೀಟರ್ ಎತ್ತರದಲ್ಲಿತ್ತು.

ಕರೆಂಟಿನ ಈ ಕಾಟ ನಮ್ಮ ಹೊಲದವರಿಗೆ ಹೊಸದಲ್ಲ. ಒಂದು ವರ್ಷ ಒಂದು ಫೇಸ್ ಇಲ್ಲದೆಯೇ ಪಂಪು ಚಾಲೂ ಆಗಿ ಮೋಟರು ಸುಟ್ಟು, ನಮ್ಮ ಈರುಳ್ಳಿ ಒಣಗಿಹೋಯಿತು. ಆಮೇಲೆ ಅಪ್ಪ ಆಟೋ ಸ್ಟಾರ್ಟರ್ ಹಾಕಿಸಿದ. ಕರೆಂಟು ಬಂದೊಡನೆ ಅದು ಧಾವಿಸುವುದಿಲ್ಲ. ಮೂರೂ ಫೇಸ್ ಇವೆಯೇ ಎಂದು ನೋಡಿ, ತುಸು ಕಾದು, ಆಮೇಲೆ ಮೋಟರು ತಿರುಗಿಸುತ್ತದೆ.

ಬಾಹ್ಯಾಕಾಶ ದೂರದರ್ಶಕದ ನಿಯಂತ್ರಣ ಕಂಪ್ಯೂಟರು ಎಚ್ಚರಗೊಳ್ಳುವ ಬಗೆಯೂ ಹೆಚ್ಚುಕಡಿಮೆ ಹೀಗೆಯೇ. ಅಳಿಸಲಾಗದ ಸ್ಮೃತಿಯಲ್ಲಿರುವ ಪುಟ್ಟ ತಂತ್ರಾಂಶವೊಂದು ಮೊದಲು ಏಳುತ್ತದೆ. ಮುಖ್ಯ ತಂತ್ರಾಂಶ ಕೆಟ್ಟಿಲ್ಲವೇ ಎಂದು ಲೆಕ್ಕ ಹಾಕಿ ನೋಡುತ್ತದೆ, ಸರಿಯಿದ್ದರೆ ಅಧಿಕಾರ ಒಪ್ಪಿಸುತ್ತದೆ. ಇಲ್ಲವಾದರೆ ಮೀಸಲು ಪ್ರತಿಯತ್ತ ಹೊರಳುತ್ತದೆ. ಆದ್ದರಿಂದ ನೆಲದ ಮೇಲೆ ಪರೀಕ್ಷಿಸುವವರ ಕೆಲಸ ಕೆಡಿಸುವುದೇ ಆಗಿರುತ್ತದೆ: ಅರ್ಧ ದಾರಿಯಲ್ಲಿ ವಿದ್ಯುತ್ ತೆಗೆಯುವುದು, ಬೇಕೆಂದೇ ಒಂದು ಬಿಟ್ ತಪ್ಪಾಗಿಸುವುದು, ಆಗಲೂ ಏಳುತ್ತದೆಯೇ ಎಂದು ಕಾಯುವುದು.

ಈ ಕಾಯುವಿಕೆಯ ಬೆಲೆ ಏನೆಂದು 2021ರಲ್ಲಿ ಹಬಲ್ ದೂರದರ್ಶಕ ತೋರಿಸಿತು. ಅದರ ವೈಜ್ಞಾನಿಕ ಉಪಕರಣಗಳನ್ನು ನಡೆಸುವ ಕಂಪ್ಯೂಟರು ಜೂನ್ 13ರಂದು ನಿಂತಿತು. ಎಷ್ಟು ಸಲ ಮರುಚಾಲನೆ ಮಾಡಿದರೂ ಕೇಳಲಿಲ್ಲ. ಉಳಿದದ್ದು ಮೀಸಲು ಕಂಪ್ಯೂಟರು. ಗಗನಯಾತ್ರಿಗಳು 2009ರಲ್ಲಿ ಅಳವಡಿಸಿ ಬಂದ ಮೇಲೆ ಅದನ್ನು ಆನ್ ಮಾಡಿಯೇ ಇರಲಿಲ್ಲ. ಹಾರುವ ಮುನ್ನ ನೆಲದಲ್ಲಿ ನಡೆದ ಪರೀಕ್ಷೆಗಳೇ ಅದರ ಮೇಲಿನ ಭರವಸೆ. ಜುಲೈ ಮಧ್ಯದಲ್ಲಿ ಮೀಸಲು ವ್ಯವಸ್ಥೆಗೆ ಹೊರಳಿದ ಹಬಲ್ ಮತ್ತೆ ಆಕಾಶ ನೋಡತೊಡಗಿತು. ಹನ್ನೆರಡು ವರ್ಷಗಳ ಹಿಂದೆ ಯಾರೋ ಸಹನೆಯಿಂದ ಮಾಡಿದ ಕೆಲಸಕ್ಕೆ ಅಂದು ಫಲ ಬಂತು.

ನಮ್ಮದೇ ದೂರದರ್ಶಕ 'ಆಸ್ಟ್ರೋಸ್ಯಾಟ್' 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹೊರಟಿತು. 1,515 ಕೆ.ಜಿ. ತೂಕ, 650 ಕಿ.ಮೀ. ಎತ್ತರದ ಕಕ್ಷೆ. ಅದರ ನೇರಳಾತೀತ ದೂರದರ್ಶಕ ಜೋಡಣೆಯಾದದ್ದು ಹೊಸಕೋಟೆಯಲ್ಲಿ. ಮೇಲೆ ಹೋದ ಮೇಲೂ ಅವಸರವಿರಲಿಲ್ಲ. ಅಕ್ಟೋಬರ್ ಮೊದಲ ವಾರದಿಂದ ಒಂದೊಂದೇ ಉಪಕರಣವನ್ನು ಎಬ್ಬಿಸಿದರು. ನೇರಳಾತೀತ ದೂರದರ್ಶಕದ ಬಾಗಿಲು ತೆರೆದದ್ದು ನವೆಂಬರ್ 30ಕ್ಕೆ. ಎರಡು ತಿಂಗಳು ಕಣ್ಣು ಮುಚ್ಚಿಕೊಂಡೇ ಇದ್ದ ಆ ಯಂತ್ರ, ಐದು ವರ್ಷಕ್ಕೆಂದು ಹೋದದ್ದು, ಅವಧಿ ಮೀರಿಯೂ ದುಡಿಯಿತು.

ಅದಕ್ಕೆ ಆದೇಶಗಳು ಹೊರಟದ್ದು ಪೀಣ್ಯದ ನಿಯಂತ್ರಣ ಕೇಂದ್ರದಿಂದ. ಆರ್ಯಭಟ ಹುಟ್ಟಿದ ಅದೇ ಪೀಣ್ಯ, ನಲವತ್ತು ವರ್ಷಗಳ ನಂತರ.

ಇತಿಹಾಸದ ಪುಸ್ತಕಗಳು ಉಡಾವಣೆಯ ದಿನಾಂಕ ಬರೆದಿಡುತ್ತವೆ. ಯಂತ್ರವನ್ನು ನೂರು ಸಲ ಮಲಗಿಸಿ ನೂರು ಸಲ ಎಬ್ಬಿಸಿದವರ ದಿನಾಂಕಗಳು ಎಲ್ಲಿಯೂ ಇರುವುದಿಲ್ಲ. ಊರಿಗೆ ಹೋದಾಗ, ಹೊಲದ ಸ್ಟಾರ್ಟರ್ ಟಕ್ಕೆಂದು ಹಿಡಿಯುವ ಮುಂಚಿನ ಆ ಕೆಲವು ಕ್ಷಣದ ಮೌನದಲ್ಲಿ ನನಗೆ ಅವರ ನೆನಪಾಗುತ್ತದೆ.