ಮೈಸೂರು ಸೀಮೆಯ ದೊಡ್ಡ ಸ್ವಾಮಿಯವರು

ಅರಸರ ಕಲಹದ ನಡುವೆ ಧರ್ಮಸಭೆಯ ಕುರಿಗಾಹಿ ಎಲ್ಲಿ ನಿಲ್ಲಬೇಕು? 1170ರಲ್ಲಿ ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರಾದ ಸಂತ ತೋಮಸ್ ಬೆಕೆಟರು ದೊರೆ ಎರಡನೆಯ ಹೆನ್ರಿಯ ಸರದಾರರ ಕತ್ತಿಗೆ ಬಲಿಯಾಗಿ ಉತ್ತರವಿತ್ತರು. ನಮ್ಮ ನಾಡಿನಲ್ಲಿ ಬೇರೊಂದು ಉತ್ತರವಿತ್ತವರು ಫ್ರಾನ್ಸ್ ದೇಶದ ಪೂಜ್ಯ ಅಬ್ಬೆ ದುಬ್ವಾ ಸ್ವಾಮಿಯವರು.

ಟಿಪ್ಪು ಸುಲ್ತಾನರಿಗೂ ಆಂಗ್ಲ ಕಂಪನಿಗೂ ನಡೆದ ಯುದ್ಧದಲ್ಲಿ ಶತ್ರುಪಕ್ಷದವರೆಂಬ ಸಂಶಯಕ್ಕೆ ಗುರಿಯಾದ ಕರಾವಳಿಯ ಕ್ರೈಸ್ತರು 1784ರಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಬಂದರು. ಅನೇಕರು ಬಲಾತ್ಕಾರಕ್ಕೆ ಮಣಿದು ಮತ ತೊರೆದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಬಂದ ದುಬ್ವಾ ಸ್ವಾಮಿಯವರು ಅಂಥವರನ್ನು ಹೊರದೂಡಲಿಲ್ಲ; ಕ್ಷಮಿಸಿ ಸಭೆಗೆ ಮರಳಿ ಸೇರಿಸಿಕೊಂಡರು. ಹಾಸನ ಸೀಮೆಯಲ್ಲಿ ಒಕ್ಕಲುಗಳನ್ನು ನೆಲೆಗೊಳಿಸಿದರು. ಸಿಡುಬು ತಡೆಯಲು ದಾಕು ಹಾಕಿಸುವ ಕಾರ್ಯದಲ್ಲಿ ದುಡಿದರು. ನಾಡಿನ ಉಡುಗೆಯುಟ್ಟು ಬಾಳಿದ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

1823ರಲ್ಲಿ ಅವರು ಸ್ವದೇಶಕ್ಕೆ ಮರಳಿದ್ದು ನಿರಾಶೆಯಿಂದ. ಈ ನೆಲದಲ್ಲಿ ಕ್ರೈಸ್ತಧರ್ಮಕ್ಕೆ ಬೆಳವಣಿಗೆಯಿಲ್ಲವೆಂದೇ ಅವರು ಬರೆದರು. 1848ರಲ್ಲಿ ಪ್ಯಾರಿಸಿನಲ್ಲಿ ದೈವಾಧೀನರಾದರು.

ಪ್ರಿಯ ಭಕ್ತರೇ, ನೂರು ತುಂಬಿದ ಈ ದೇವಾಲಯದಲ್ಲಿ ಮೊಣಕಾಲೂರುವ ನಾವು, ಬಿತ್ತಿದವರ ಕಣ್ಣು ಕಾಣದ ಬೆಳೆ. ಸೋತು ಮರಳಿ ಬಂದವರಿಗೆ ಬಾಗಿಲು ತೆರೆದಿಡುವುದೇ ನಾವು ಅವರಿಗೆ ತೀರಿಸಬೇಕಾದ ಋಣ.