ಸಿದ್ಧವಾಕ್ಯದ ಮೂಲೋದ್ದೇಶ: ಒಂದು ಪ್ರಚಲಿತ ಮತದ ಪರಾಮರ್ಶೆ

ಡೇಟಾಬೇಸಿಗೆ ದಾಖಲೆಗಳನ್ನು ಸೇರಿಸುವಾಗ ಬಳಸುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್, ಎಂದರೆ ಸಿದ್ಧವಾಕ್ಯ, ಎಸ್‌ಕ್ಯೂಎಲ್ ಇಂಜೆಕ್ಷನ್ ಎಂಬ ದಾಳಿಯನ್ನು ತಡೆಯುವುದಕ್ಕೆಂದೇ ಹುಟ್ಟಿತೆಂಬ ಮಾತು ಕೈಪಿಡಿಯಿಂದ ಕೈಪಿಡಿಗೆ ಇಳಿದು ಬಂದು ಈಗ ಪ್ರಮಾಣವೆಂಬಂತೆ ನಿಂತಿದೆ. ಕಾಲಗಣನೆಯ ದೋಷವೊಂದೇ ಆಗಿದ್ದರೆ ಇದನ್ನು ಉಪೇಕ್ಷಿಸಬಹುದಾಗಿತ್ತು. ಆದರೆ ಉದ್ದೇಶವನ್ನು ತಪ್ಪಾಗಿ ಗ್ರಹಿಸಿದವರು ಸಾಧನದ ಮಿತಿಯನ್ನೂ ಕಾಣದೆ ಹೋಗಿರುವುದರಿಂದ ಮೂಲಸಾಕ್ಷ್ಯವನ್ನು ಮತ್ತೊಮ್ಮೆ ಓದಬೇಕಾಗಿದೆ.

ಆ ಸಾಕ್ಷ್ಯ 1981ರ ಅಕ್ಟೋಬರ್ ತಿಂಗಳ ‘ಕಮ್ಯುನಿಕೇಷನ್ಸ್ ಆಫ್ ದಿ ಎಸಿಎಂ’ ಪತ್ರಿಕೆಯಲ್ಲಿದೆ. ಐಬಿಎಂ ಸಂಸ್ಥೆಯ ‘ಸಿಸ್ಟಂ ಆರ್’ ಯೋಜನೆಯ ಇತಿಹಾಸವನ್ನು ನಿರೂಪಿಸುತ್ತ ಡೊನಾಲ್ಡ್ ಚೇಂಬರ್ಲಿನ್ ಮತ್ತು ಅವರ ಸಹೋದ್ಯೋಗಿಗಳು, ಪ್ರಿಪೇರ್ ಮತ್ತು ಎಕ್ಸಿಕ್ಯೂಟ್ ಎಂಬೆರಡು ಆಜ್ಞೆಗಳು ಏಕೆ ಬೇಕಾದವೆಂಬುದನ್ನು ಅಲ್ಲಿ ವಿಶದಪಡಿಸಿದ್ದಾರೆ. ಪ್ರೋಗ್ರಾಮು ಓಡುತ್ತಿರುವಾಗಲೇ ವಾಕ್ಯವನ್ನು ರಚಿಸಿ, ಅದನ್ನು ಆಪ್ಟಿಮೈಸರಿಗೆ ಒಪ್ಪಿಸಿ, ದತ್ತಾಂಶವನ್ನು ತಲುಪುವ ಮಾರ್ಗವನ್ನು ಒಮ್ಮೆ ನಿಶ್ಚಯಿಸಿಕೊಂಡ ಮೇಲೆ, ಬೇರೆಬೇರೆ ಮೌಲ್ಯಗಳೊಡನೆ ಅದೇ ವಾಕ್ಯವನ್ನು ಪುನಃಪುನಃ ನಡೆಸುವ ಸೌಕರ್ಯ ಬೇಕಾಗಿತ್ತು. ಉಳಿಸಬೇಕೆಂದಿದ್ದುದು ಯಂತ್ರದ ಶ್ರಮ. ಶತ್ರುವಿನ ಸುಳಿವೇ ಆ ವಿವರಣೆಯಲ್ಲಿಲ್ಲ. ಇಂಜೆಕ್ಷನ್ನಿನ ಮೊದಲ ಬಹಿರಂಗ ವಿವರಣೆಯೆಂದು ಸಾಮಾನ್ಯವಾಗಿ ಎಣಿಸುವ, ‘ರೈನ್ ಫಾರೆಸ್ಟ್ ಪಪಿ’ ಎಂಬ ಗುಪ್ತನಾಮದ ಲೇಖನ ‘ಫ್ರಾಕ್’ ಪತ್ರಿಕೆಯ 54ನೆಯ ಸಂಚಿಕೆಯಲ್ಲಿ ಹೊರಬಂದದ್ದು 1998ರ ಡಿಸೆಂಬರಿನಲ್ಲಿ. ಹದಿನೇಳು ವರ್ಷ ಮೊದಲೇ ಔಷಧ ಸಿದ್ಧವಾಗಿದ್ದುದಾದರೆ ಅದು ಈ ರೋಗಕ್ಕಾಗಿ ಅರೆದುದಲ್ಲ. ಉಕ್ತವಾಗದ ಉದ್ದೇಶವೂ ಇದ್ದೀತೆಂದು ವಾದಿಸುವವರುಂಟು; ಫಲವನ್ನು ಉದ್ದೇಶವೆಂದು ಭ್ರಮಿಸಿದವರಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ದೊರೆಯಲಾರದು.

ಮೂಲೋದ್ದೇಶವನ್ನು ಒಪ್ಪಿದೊಡನೆ ಮಿತಿಯೂ ತಾನೇ ತೋರುತ್ತದೆ. ಆಮೇಲೆ ತುಂಬಬೇಕಾದುದರ ಗುರುತಾಗಿ ಸಿದ್ಧವಾಕ್ಯದಲ್ಲಿ ಇಡುವ ಪ್ರಶ್ನಚಿಹ್ನೆ ನಿಲ್ಲುವುದು ಮೌಲ್ಯದ ಸ್ಥಾನದಲ್ಲಿ ಮಾತ್ರ. ಕೋಷ್ಟಕದ ಮತ್ತು ಅಂಕಣಗಳ ಹೆಸರು ತಿಳಿಯದೆ ವಾಕ್ಯ ಸಿದ್ಧವಾಗಲಾರದಾದುದರಿಂದ ಅವನ್ನು ಆಮೇಲೆ ತುಂಬುವಂತಿಲ್ಲ.

ಈ ಮಿತಿಯ ಪರಿಣಾಮವನ್ನು ಮಂಡ್ಯ ಸೀಮೆಯ ಶಾಸನಗಳ ಪಟ್ಟಿಯನ್ನೇ ಉದಾಹರಣೆಯಾಗಿಟ್ಟುಕೊಂಡು ಪರೀಕ್ಷಿಸಬಹುದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳ ಶಾಸನಗಳೂ 7ನೆಯದರಲ್ಲಿ ನಾಗಮಂಗಲದವೂ ಅಡಕವಾಗಿವೆ. ಇವುಗಳ ಪಟ್ಟಿಯನ್ನು ಡೇಟಾಬೇಸಿಗೆ ಏರಿಸಹೊರಟವನಿಗೆ ಎಲ್ಲ ಶಾಸನಗಳೂ ಒಂದೇ ಬಗೆಯ ವಿವರ ಕೊಡುವುದಿಲ್ಲ. ಗಂಗ ದೊರೆ ಶ್ರೀಪುರುಷನ ದೇವರಹಳ್ಳಿ ತಾಮ್ರಪಟಗಳಲ್ಲಿ ಶಕ 698 ಸ್ಪಷ್ಟವಾಗಿದೆ. ಅಳಿದುಳಿದ ವೀರಗಲ್ಲಿನಲ್ಲಿ ತೇದಿಯೂ ಇರದು, ಅರಸನ ಹೆಸರೂ ಇರದು. ಆದ್ದರಿಂದ ದೊರೆತ ವಿವರಗಳಿಗೆ ತಕ್ಕಂತೆ ‘ಇನ್ಸರ್ಟ್ ಇನ್‌ಟೂ ಶಾಸನ (ತಾಲ್ಲೂಕು, ಊರು, ಶಕವರ್ಷ) ವ್ಯಾಲ್ಯೂಸ್ (?, ?, ?)’ ಎಂದು ಅಂಕಣಗಳನ್ನೂ, ಅಷ್ಟೇ ಸಂಖ್ಯೆಯ ಪ್ರಶ್ನಚಿಹ್ನೆಗಳನ್ನೂ ಆಗಿಂದಾಗಲೇ ಜೋಡಿಸಬೇಕಾಗುತ್ತದೆ. ಮೌಲ್ಯಗಳೆಲ್ಲ ಬೈಂಡ್ ಆದುವು, ಇನ್ನು ಭಯವಿಲ್ಲವೆಂದು ಕೈಪಿಡಿಕಾರರು ಇಲ್ಲಿಗೇ ನಿಲ್ಲುತ್ತಾರೆ. ಆದರೆ ಅಂಕಣದ ಹೆಸರು, ವಿವರ ತುಂಬುವ ಫಾರಂ ಮೌಲ್ಯದೊಡನೆ ಕಳುಹಿಸಿದ ಕೀಲಿಯಿಂದಲೇ, ಎಂದರೆ ಆ ವಿವರದ ಹೆಸರಿನಿಂದಲೇ, ಬಂದಿದ್ದು, ‘ಶಕವರ್ಷ’ ಎಂಬುದರ ಬೆನ್ನಿಗೆ ಆವರಣಚಿಹ್ನೆಯನ್ನೂ ಬೇರೊಂದು ಆಜ್ಞೆಯನ್ನೂ ಯಾರಾದರೂ ಅಂಟಿಸಿ ಕಳುಹಿಸಿದರೆ, ಆ ವಿಷ ಪ್ರಶ್ನಚಿಹ್ನೆಯ ಕಾವಲನ್ನು ಹಾಯದೆ ನೇರವಾಗಿ ವಾಕ್ಯದ ಒಡಲನ್ನೇ ಸೇರುತ್ತದೆ. (ಪಿಎಚ್‌ಪಿಯ ಪಿಡಿಒ, ಮೈಎಸ್‌ಕ್ಯೂಎಲ್ ಜೊತೆಗೆ ಯಥಾಸ್ಥಿತಿಯಲ್ಲಿ ಸಿದ್ಧವಾಕ್ಯವನ್ನು ಅನುಕರಿಸುವುದೇ ಹೊರತು ಸರ್ವರಿನಲ್ಲಿ ಸಿದ್ಧಪಡಿಸುವುದಿಲ್ಲ, ಈ ಸಂಗತಿಯನ್ನು ಬಿಟ್ಟು ‘ಸಂಪೂರ್ಣ ರಕ್ಷಣೆ’ಯ ಭರವಸೆ ಕೊಡುವವರ ಧೈರ್ಯ ಮೆಚ್ಚತಕ್ಕದ್ದೇ.)

ಪರಿಹಾರ ಸರಳವಾದುದು. ಅನುಮತಿಸಿದ ಅಂಕಣಗಳ ಪಟ್ಟಿಯೊಂದನ್ನು ಪ್ರೋಗ್ರಾಮಿನೊಳಗೇ ಬರೆದಿಟ್ಟುಕೊಂಡು, ಬಂದ ಕೀಲಿಗಳನ್ನು ಅದರೊಡನೆ ಹೋಲಿಸಿ, ಹೊಂದದುದನ್ನು ತಿರಸ್ಕರಿಸಿ, ವಾಕ್ಯದೊಳಕ್ಕೆ ಪಟ್ಟಿಯಲ್ಲಿರುವ ಹೆಸರನ್ನೇ ಇಡಬೇಕು. ಬಂದ ಪಠ್ಯವನ್ನು ತೊಳೆದು ಬಳಸುವ ಸಾಹಸ ಬೇಡ. ಎಲ್ಲ ಅಂಕಣಗಳನ್ನೂ ಯಾವಾಗಲೂ ಹೆಸರಿಸಿ, ಇಲ್ಲದುದಕ್ಕೆ ನಲ್ ತುಂಬುವ ಮಾರ್ಗವೂ ಇದೆಯಾದರೂ, ಹಾಗೆ ಮಾಡಿದಲ್ಲಿ ಆ ಅಂಕಣಗಳಿಗೆ ಗೊತ್ತುಪಡಿಸಿದ ಡಿಫಾಲ್ಟ್ ಮೌಲ್ಯಗಳು ಅನ್ವಯವಾಗುವುದಿಲ್ಲ. ಇನ್ನು ಅಂಕಣಗಳನ್ನು ಕೀಲಿಗಳು ಬಂದ ಕ್ರಮದಲ್ಲಿ ಜೋಡಿಸದೆ ಪಟ್ಟಿಯ ಕ್ರಮದಲ್ಲೇ ಜೋಡಿಸಿದರೆ, ಸಮಾನ ವಿವರಗಳುಳ್ಳ ಶಾಸನಗಳಿಗೆಲ್ಲ ಒಂದೇ ವಾಕ್ಯ ಸಾಕಾಗಿ, ಒಮ್ಮೆ ಸಿದ್ಧಪಡಿಸಿದುದು ಮತ್ತೆ ಮತ್ತೆ ಒದಗುತ್ತದೆ. 1981ರ ಲೇಖಕರು ಬಯಸಿದ್ದ ಪ್ರಯೋಜನವೂ ಇದೇ. ಭದ್ರತೆಯಾದರೋ ಮೌಲ್ಯಗಳ ಮಟ್ಟಿಗೆ ಸಿದ್ಧವಾಕ್ಯದಿಂದ, ಹೆಸರುಗಳ ಮಟ್ಟಿಗೆ ಪಟ್ಟಿಯಿಂದ ದೊರೆಯತಕ್ಕದ್ದು. ಒಂದರ ಕೆಲಸವನ್ನು ಇನ್ನೊಂದಕ್ಕೆ ಆರೋಪಿಸುವ ಕೈಪಿಡಿಗಳನ್ನು ತಿದ್ದಬೇಕಾಗಿದೆ.